ಚೈನ್ ಸ್ಪ್ರಾಕೆಟ್ ಸೆಟ್ ಬದಲಾವಣೆ: ಯಾವ ಚೈನು, ಯಾವ ಜೋಡಣೆ, ಮನೆಯೋ ಗ್ಯಾರೇಜೋ?

ಬೈಕಿನ ಚೈನ್ ಸ್ಪ್ರಾಕೆಟ್ ಸೆಟ್ (ಚೈನು, ಅದು ಸುತ್ತುವ ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು) ಬದಲಿಸಬೇಕಾದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಯಾವ ಕಂಪನಿಯದು ಒಳ್ಳೆಯದು, ಎಷ್ಟಾಗುತ್ತದೆ ಎಂಬ ಎರಡೇ ಸಂಗತಿಗಳನ್ನು. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಆ ಎರಡರಲ್ಲೂ ಇರುವುದಿಲ್ಲ. ಚೈನಿನ ಎರಡು ತುದಿಗಳು ಲಾಕ್ (ಬಿಚ್ಚಬಹುದಾದ ಕ್ಲಿಪ್ಪು) ಹಾಕಿ ಸೇರಿವೆಯೋ, ರಿವೆಟ್ ಹೊಡೆದು, ಅಂದರೆ ಪಿನ್ನಿನ ತುದಿ ಅರಳಿಸಿ ಸೇರಿವೆಯೋ ಎಂಬುದೂ, ಮುಂದಿನ ಸ್ಪ್ರಾಕೆಟ್ಟನ್ನು ಎರಡು ಸಣ್ಣ ಬೋಲ್ಟುಗಳು ಹಿಡಿದಿವೆಯೋ, ಒಂದು ದೊಡ್ಡ ನಟ್ಟು ಹಿಡಿದಿದೆಯೋ ಎಂಬುದೂ ಕೆಲಸದ ಜಾಗವನ್ನು ತೀರ್ಮಾನಿಸುತ್ತವೆ. ಇವೆರಡನ್ನು ನೋಡಿಕೊಳ್ಳದೆ ಹಳೆಯ ಚೈನು ಕತ್ತರಿಸಿದವರು ಬೈಕನ್ನು ಟೆಂಪೋದಲ್ಲಿ ಹೇರಿಸಿಕೊಂಡು ಗ್ಯಾರೇಜಿಗೆ ಹೋಗಬೇಕಾಗಬಹುದು.

ನಿಜವಾಗಿ ಸವೆದಿದೆಯೇ?

ಸದ್ದು ಮಾಡುವ ಚೈನೆಲ್ಲ ಸವೆದ ಚೈನಲ್ಲ. ಎಣ್ಣೆ ಕಾಣದ, ಕೊಂಡಿಗಳು ಗಟ್ಟಿಯಾದ ಚೈನೂ ಕಟಕಟ ಎನ್ನುತ್ತದೆ, ಆದ್ದರಿಂದ ಮೊದಲು ಅಳೆದು ನೋಡಬೇಕು. ಚೈನು ಉದ್ದವಾಗುವುದು ಅದರ ಪಟ್ಟಿಗಳು ಹಿಗ್ಗುವುದರಿಂದಲ್ಲ. ಪ್ರತಿಯೊಂದು ಕೊಂಡಿಯಲ್ಲೂ ಪಿನ್ನು ಮತ್ತು ಅದನ್ನು ಸುತ್ತುವರಿದ ಕೊಳವೆಯಾದ ಬುಷ್ ಒಂದನ್ನೊಂದು ಉಜ್ಜಿ ಸವೆದು, ನೂರಕ್ಕೂ ಹೆಚ್ಚು ಕೊಂಡಿಗಳ ಕೂದಲೆಳೆಯಷ್ಟು ಸಡಿಲಗಳು ಒಟ್ಟುಗೂಡುವುದರಿಂದ. 100ರಿಂದ 160 ಸಿಸಿಯ ಬೈಕುಗಳಲ್ಲಿ ಹೆಚ್ಚಾಗಿ ಕಾಣುವ 428 ಸಂಖ್ಯೆಯ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇರುತ್ತದೆ. ಹೀಗಾಗಿ ಚೈನನ್ನು ಬಿಗಿಯಾಗಿ ಎಳೆದು ಹಿಡಿದು 20 ಕೊಂಡಿಗಳ ಅಂತರವನ್ನು ಅಳೆದರೆ ಹೊಸದರಲ್ಲಿ 254 ಮಿ.ಮೀ. ಬರಬೇಕು. ಅದು 258ರ ಗಡಿ ದಾಟಿ 259ರತ್ತ ಹೋಗಿದ್ದರೆ ಶೇಕಡಾ ಎರಡರಷ್ಟು ಸವೆತವಾಯಿತೆಂದು ಅರ್ಥ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಡ್ಯೂಕ್, ಪಲ್ಸರ್ ಎನ್‌ಎಸ್ 200 ಮುಂತಾದ ಬೈಕುಗಳ 520 ಚೈನಿನಲ್ಲಿ ಅದೇ 20 ಕೊಂಡಿಗಳು ಹೊಸದರಲ್ಲಿ 317.5 ಮಿ.ಮೀ. ಇರುತ್ತವೆ. ಬೈಕಿನ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಚೈನು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ, ಆದ್ದರಿಂದ ಮೂರು ನಾಲ್ಕು ಜಾಗಗಳಲ್ಲಿ ಅಳೆಯುವುದು ಒಳ್ಳೆಯದು.

ಅಳತೆ ಪಟ್ಟಿ ಕೈಯಲ್ಲಿಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಬಹುದು. ಚೈನು ಎದ್ದು ಅರ್ಧ ಹಲ್ಲು ಕಾಣಿಸಿದರೆ ಹೆಚ್ಚು ಯೋಚಿಸಬೇಕಿಲ್ಲ. ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದಾಗ ಹಲ್ಲುಗಳ ತುದಿ ಚೂಪಾಗಿ ಒಂದೇ ಕಡೆಗೆ ಬಾಗಿ ಕೊಕ್ಕೆಯಂತಾಗಿದ್ದರೆ, ಅದೂ ಅದೇ ಸಾಕ್ಷಿಯನ್ನು ಹೇಳುತ್ತದೆ.

ಚೈನು ಮಾತ್ರವೋ, ಮೂರೂ ಒಟ್ಟಿಗೋ?

ಹಣ ಉಳಿಸಲು ಚೈನನ್ನು ಮಾತ್ರ ಬದಲಿಸುವವರು ಕಡಿಮೆಯಿಲ್ಲ. ಸವೆದ ಚೈನಿನ ಜೊತೆ ತಿರುಗಿದ ಸ್ಪ್ರಾಕೆಟ್ಟಿನ ಹಲ್ಲುಗಳು ಆ ಉದ್ದವಾದ ಅಂತರಕ್ಕೆ ತಕ್ಕಂತೆ ತೇದುಹೋಗಿರುತ್ತವೆ. ಅವುಗಳ ಮೇಲೆ ಸರಿಯಾದ ಅಳತೆಯ ಹೊಸ ಚೈನು ಕೂರಿಸಿದರೆ ಎಳೆತದ ಭಾರ ಎಲ್ಲ ಹಲ್ಲುಗಳಿಗೂ ಹಂಚಿಕೆಯಾಗದೆ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ, ಮತ್ತು ಹೊಸ ಚೈನಿನ ರೋಲರುಗಳು ಆಗಿನಿಂದಲೇ ಹಾಳಾಗತೊಡಗುತ್ತವೆ. ಉಳಿಸಿದ ಹಣ ಹೊಸ ಚೈನಿನ ಆಯುಷ್ಯದಲ್ಲಿ ಕಳೆದುಹೋಗುತ್ತದೆ. ಸಾಮಾನ್ಯ ಬೈಕಿಗೆ ಮೂರನ್ನೂ ಒಟ್ಟಿಗೆ ಹಾಕುವುದು ಬಿಟ್ಟು ಬೇರೆ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಇದಕ್ಕೆ ಒಂದೇ ಒಂದು ವಿನಾಯಿತಿಯುಂಟು. ಮುಂದೆ 14, ಹಿಂದೆ 42 ಹಲ್ಲುಗಳಿದ್ದರೆ ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ಹಾಕಿರುತ್ತದೆ, ಆದ್ದರಿಂದ ಮುಂದಿನದೇ ಬೇಗ ಸವೆಯುತ್ತದೆ. ಬೆಲೆಬಾಳುವ ಸೀಲ್ ಚೈನು (ಕೊಂಡಿಗಳೊಳಗೆ ಗ್ರೀಸ್ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿದ ಓ-ರಿಂಗ್, ಎಕ್ಸ್-ರಿಂಗ್ ಚೈನು) ಇರುವ ಬೈಕಿನಲ್ಲಿ ಚೈನು ಅಳತೆಯೊಳಗೇ ಇದ್ದು, ಮುಂದಿನ ಸ್ಪ್ರಾಕೆಟ್ಟು ಮಾತ್ರ ಚೂಪಾಗಿದ್ದರೆ, ಆಯುಷ್ಯದ ನಡುವಿನಲ್ಲಿ ಅದೊಂದನ್ನೇ ಬದಲಿಸುವುದು ಲಾಭದ ಕೆಲಸ. ಸಣ್ಣ ಸ್ಪ್ರಾಕೆಟ್ಟಿಗೆ ಹೆಚ್ಚು ಬೆಲೆಯೂ ಇರುವುದಿಲ್ಲ.

ಸಾದಾ ಚೈನೋ, ಓ-ರಿಂಗ್ ಚೈನೋ?

ಸಾದಾ ಚೈನಿನಲ್ಲಿ ಪಿನ್ನಿಗೂ ಬುಷ್ಷಿಗೂ ನಡುವೆ ನಾವು ಹಾಕಿದ ಎಣ್ಣೆ ಹೊಕ್ಕಷ್ಟೇ ಇರುತ್ತದೆ, ಮಳೆ ಬಂದರೆ ಅದೂ ತೊಳೆದುಹೋಗುತ್ತದೆ. ಓ-ರಿಂಗ್ ಚೈನಿನಲ್ಲಾದರೆ ಕಾರ್ಖಾನೆಯಲ್ಲೇ ಆ ಜಾಗಕ್ಕೆ ಗ್ರೀಸ್ ತುಂಬಿ, ಒಳಪಟ್ಟಿ ಮತ್ತು ಹೊರಪಟ್ಟಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳನ್ನಿಟ್ಟು ಮುಚ್ಚಿರುತ್ತಾರೆ. ಎಕ್ಸ್-ರಿಂಗ್ ಎಂದು ಮಾರುವುದು ಅದರದೇ ಸುಧಾರಿತ ರೂಪ. ಉಂಗುರದ ಅಡ್ಡಕೊಯ್ತ ಗುಂಡಗಿರದೆ ನಾಲ್ಕು ಅಂಚುಗಳಿಂದ ತಾಗುವುದರಿಂದ ತಿಕ್ಕಾಟ ಕಡಿಮೆ, ಗ್ರೀಸ್ ಹಿಡಿದಿಡುವ ಗುಣ ಹೆಚ್ಚು. ಚೆನ್ನಾಗಿ ನೋಡಿಕೊಂಡ ಸಾದಾ ಚೈನು ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ಬಂದರೆ, ಸೀಲ್ ಚೈನು ಅದಕ್ಕಿಂತ ಸಾಕಷ್ಟು ದೂರ ಬರುತ್ತದೆ, ಬೆಲೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಹಾಗೆಂದು ಎಲ್ಲರೂ ಓ-ರಿಂಗ್ ಹಾಕಿಸಬೇಕೆಂದಿಲ್ಲ. ಸ್ಪ್ಲೆಂಡರ್, ಶೈನ್, ಪ್ಲಾಟಿನಾಗಳಲ್ಲಿ ಚೈನನ್ನು ಸುತ್ತಲೂ ಮುಚ್ಚುವ ತಗಡಿನ ಕವರ್ ಇರುತ್ತದೆ. ಧೂಳು, ಕೆಸರು ನೇರವಾಗಿ ಬಡಿಯದ ಆ ಚೈನಿಗೆ ತಿಂಗಳಿಗೊಮ್ಮೆ ಎಣ್ಣೆ ಕಾಣಿಸುವ ಶಿಸ್ತಿದ್ದರೆ ಸಾದಾ ಚೈನೇ ಸಾಕು. ಸೀಲ್ ಚೈನಿನ ಪಿನ್ನುಗಳು ಉದ್ದವಾಗಿ ಒಟ್ಟು ಅಗಲ ಹೆಚ್ಚಿರುವುದರಿಂದ, ಕೆಲವು ಬೈಕುಗಳಲ್ಲಿ ಅದು ಕವರಿಗೋ ಎಂಜಿನ್ ಕೇಸಿಗೋ ಉಜ್ಜುವ ಸಾಧ್ಯತೆಯೂ ಇದೆ. ಅದೇ, ಕವರಿಲ್ಲದ 150 ಸಿಸಿಯ ಬೈಕಿನಲ್ಲಿ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ದಿನವೂ ಓಡಾಡುವವರಿಗೆ, ಅಥವಾ ಉಪ್ಪುಗಾಳಿಯ ಕರಾವಳಿಯಲ್ಲಿ ಗಾಡಿಯನ್ನು ಹೊರಗೆ ನಿಲ್ಲಿಸುವವರಿಗೆ, ಸೀಲ್ ಚೈನು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಬಯಲುಸೀಮೆಯ ಕೆಂಪು ಧೂಳಿನಲ್ಲಿ ಹೊಲದ ದಾರಿ ಹಿಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಸಾದಾ ಚೈನಿನ ಮೇಲೆ ದಪ್ಪವಾಗಿ ಹಚ್ಚಿದ ಗ್ರೀಸು ಆ ಧೂಳನ್ನು ಹಿಡಿದಿಟ್ಟುಕೊಂಡು ಅರದ ಕೆಲಸ ಮಾಡುತ್ತದೆ.

ಸೀಲ್ ಚೈನು ಹಾಕಿದ ಮೇಲೆ ಪೆಟ್ರೋಲ್ ಹಾಕಿ ತೊಳೆಯುವ, ತಂತಿ ಬ್ರಷ್ಷಿನಿಂದ ತಿಕ್ಕುವ ಅಭ್ಯಾಸವನ್ನು ಬಿಡಬೇಕು. ಎರಡೂ ಆ ರಬ್ಬರಿಗೆ ಶತ್ರುಗಳು. ಸೀಮೆಎಣ್ಣೆಯೋ ಚೈನ್ ಕ್ಲೀನರೋ, ಜೊತೆಗೊಂದು ನೈಲಾನ್ ಬ್ರಷ್ಷೋ ಸಾಕು.

ಕಂಪನಿಯ ಸೆಟ್ಟೋ, ಹೊರಗಿನದೋ?

ಬೈಕ್ ಕಂಪನಿಗಳು ಸಾಮಾನ್ಯವಾಗಿ ಚೈನನ್ನು ತಾವೇ ತಯಾರಿಸುವುದಿಲ್ಲ. ಕೊಯಮತ್ತೂರಿನ ಎಲ್‌ಜಿಬಿ ಸಂಸ್ಥೆಯ ರೋಲಾನ್, ಮುರುಗಪ್ಪ ಸಮೂಹದ ಡೈಮಂಡ್ ಹೆಸರುಗಳು ನಮ್ಮ ಅಂಗಡಿಗಳಲ್ಲಿ ದಶಕಗಳಿಂದ ಇವೆ. ಜಪಾನಿನ ಡಿಐಡಿ, ಆರ್‌ಕೆ ಚೈನುಗಳು ದೊಡ್ಡ ಬೈಕುಗಳವರ ಆಯ್ಕೆ. ಇಂಥ ತಯಾರಕರ ಸೆಟ್ಟಿಗೂ ಬೈಕ್ ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಸೆಟ್ಟಿಗೂ ಬೆಲೆಯಲ್ಲಿರುವಷ್ಟು ವ್ಯತ್ಯಾಸ ಬಾಳಿಕೆಯಲ್ಲಿ ಇರುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕಂಪನಿಯ ಪೆಟ್ಟಿಗೆಯಿಂದ ಆಗುವ ನಿಜವಾದ ಉಪಕಾರ ಬೇರೆಯದು: ಹಲ್ಲುಗಳ ಸಂಖ್ಯೆ, ಕೊಂಡಿಗಳ ಸಂಖ್ಯೆ, ಬೋಲ್ಟು ಕೂರುವ ತೂತುಗಳ ಅಂತರ ಎಲ್ಲವೂ ನಿಮ್ಮ ಬೈಕಿನ ಮಾದರಿಗೆ ಹೊಂದುತ್ತದೆಂಬ ಭರವಸೆ ಅದರಲ್ಲಿರುತ್ತದೆ. ಒಂದೇ ಹೆಸರಿನ ಬೈಕಿನಲ್ಲೂ ವರ್ಷದಿಂದ ವರ್ಷಕ್ಕೆ ಹಲ್ಲುಗಳ ಸಂಖ್ಯೆ ಬದಲಾಗುವುದುಂಟು. ಹೊರಗಿನ ಸೆಟ್ ಕೊಳ್ಳುವವರು ಹಳೆಯ ಸ್ಪ್ರಾಕೆಟ್ಟುಗಳ ಮೇಲೆ ಕೊರೆದಿರುವ ಸಂಖ್ಯೆಯನ್ನು ಒರೆಸಿ ಓದಿಕೊಂಡು, ಚೈನಿನ ಕೊಂಡಿಗಳನ್ನು ಎಣಿಸಿಕೊಂಡು ಅಂಗಡಿಗೆ ಹೋಗಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಮಾದರಿಗೆ ನಾಲ್ಕಾರು ಬೆಲೆಯ ಸೆಟ್ಟುಗಳು ಸಿಗುತ್ತವೆ. ಅತಿ ಅಗ್ಗದ್ದನ್ನು ಬಿಡುವುದು ಕ್ಷೇಮ, ಯಾಕೆಂದರೆ ಡುಪ್ಲಿಕೇಟ್ ಪೆಟ್ಟಿಗೆಯ ಮೇಲಿನ ಅಚ್ಚು ಎಷ್ಟೇ ಚೆನ್ನಾಗಿದ್ದರೂ ಒಳಗಿನ ಉಕ್ಕಿನ ಹದ ಕಣ್ಣಿಗೆ ಕಾಣುವುದಿಲ್ಲ. ಕೈಗೆ ತೆಗೆದುಕೊಂಡು ನೋಡಬಹುದಾದದ್ದು ಎರಡು. ಅಸಲಿ ಚೈನಿನ ಹೊರಪಟ್ಟಿಗಳ ಮೇಲೆ ತಯಾರಕರ ಹೆಸರೂ ಚೈನಿನ ಸಂಖ್ಯೆಯೂ ಸ್ಪಷ್ಟವಾಗಿ ಒತ್ತಿರುತ್ತವೆ. ಹೊಸ ಚೈನನ್ನು ಮಲಗಿಸಿ ಪಕ್ಕಕ್ಕೆ ಬಾಗಿಸಿದಾಗ ಅದು ಸ್ವಲ್ಪವೇ ಬಾಗಬೇಕು, ಹಗ್ಗದಂತೆ ಸುಲಭವಾಗಿ ವಾಲುವುದಾದರೆ ಅದನ್ನು ಅಲ್ಲಿಯೇ ಇಟ್ಟು ಬರಬಹುದು.

ಹಲ್ಲುಗಳ ಸಂಖ್ಯೆಯನ್ನು ಬದಲಿಸುವ ಆಸೆಯೂ ಇದೇ ಹೊತ್ತಿನಲ್ಲಿ ಹುಟ್ಟುತ್ತದೆ. ಮುಂದೆ 15 ಇದ್ದಲ್ಲಿ 14 ಹಾಕಿದರೆ ಆಗುಂಬೆಯಂಥ ಘಾಟಿ ಹತ್ತುವಾಗ ಎಳೆತ ಹೆಚ್ಚುತ್ತದೆ, ಆದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇಕಡಾ 7ರಷ್ಟು ಹೆಚ್ಚು ತಿರುಗಬೇಕಾಗುವುದರಿಂದ ಹೆದ್ದಾರಿಯಲ್ಲಿ ಸದ್ದು, ಕಂಪನ, ಪೆಟ್ರೋಲ್ ಮೂರೂ ಏರುತ್ತವೆ. ಗೇರ್ ಪೆಟ್ಟಿಗೆಯ ಕಡೆಯಿಂದ ವೇಗ ಅಳೆಯುವ ಬೈಕುಗಳಲ್ಲಿ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ದಿನಬಳಕೆಯ ಗಾಡಿಗೆ ಕಂಪನಿ ಕೊಟ್ಟ ಹಲ್ಲುಗಳೇ ಸರಿ. ಹಿಂದೆ ಅಲ್ಯೂಮಿನಿಯಂ ಸ್ಪ್ರಾಕೆಟ್ಟು ಹಾಕುವುದು ರೇಸಿನವರ ವಿಚಾರ, ಅದು ಬೇಗ ಸವೆಯುತ್ತದೆ.

ಲಾಕೋ, ರಿವೆಟ್ಟೋ?

ಮನೆಗೆಲಸದ ಮಟ್ಟಿಗೆ ಇದೇ ಮುಖ್ಯವಾದ ಭಾಗ. ಸಣ್ಣ ಬೈಕುಗಳ ಚೈನಿನಲ್ಲಿ ಒಂದು ಕೊಂಡಿಯನ್ನು ಮಾತ್ರ ಬಿಚ್ಚುವಂತೆ ಮಾಡಿ, ಅದರ ಹೊರಪಟ್ಟಿಯನ್ನು ಮೀನಿನಾಕಾರದ ಒಂದು ಸ್ಪ್ರಿಂಗ್ ಕ್ಲಿಪ್ಪಿನಿಂದ ಹಿಡಿಸಿರುತ್ತಾರೆ. ಗ್ಯಾರೇಜಿನಲ್ಲಿ ಚೈನ್ ಲಾಕ್ ಎನ್ನುವುದು ಇದನ್ನೇ. ಇಕ್ಕಳವೊಂದಿದ್ದರೆ ಇದನ್ನು ತೆಗೆಯಬಹುದು, ಹಾಕಬಹುದು. ಜೋಡಿಸುವಾಗ ಚೈನಿನ ಎರಡು ತುದಿಗಳನ್ನೂ ಹಿಂದಿನ ಸ್ಪ್ರಾಕೆಟ್ಟಿನ ಮೇಲೆ ಅಕ್ಕಪಕ್ಕದ ಹಲ್ಲುಗಳಿಗೆ ಕೂರಿಸಿಕೊಂಡರೆ ಅವು ಅಲುಗಾಡದೆ ನಿಲ್ಲುತ್ತವೆ, ಎರಡೂ ಕೈಗಳು ಲಾಕಿಗೆ ಬಿಡುವಾಗುತ್ತವೆ. ಪಿನ್ನುಗಳನ್ನು ಒಳಗಿನಿಂದ ತೂರಿಸಿ, ಹೊರಪಟ್ಟಿ ಇಟ್ಟು, ಕ್ಲಿಪ್ಪನ್ನು ಪಿನ್ನುಗಳ ಕಚ್ಚಿನಲ್ಲಿ ಸರಿಸಿದಾಗ ಅದು ಟಕ್ಕೆಂದು ಕೂರಬೇಕು. ಕ್ಲಿಪ್ಪಿನ ಮುಚ್ಚಿದ ದುಂಡು ತುದಿ ಚೈನು ಓಡುವ ದಿಕ್ಕಿಗೇ ಇರಬೇಕೆಂಬ ನಿಯಮಕ್ಕೆ ಕಾರಣವಿದೆ: ತೆರೆದ ಬಾಯಿ ಮುಂದಿದ್ದರೆ ಓಟದಲ್ಲಿ ಏನಾದರೂ ತಾಗಿದಾಗ ಅದು ಹಿಂದಕ್ಕೆ ತಳ್ಳಲ್ಪಟ್ಟು ಕಳಚಿಕೊಳ್ಳುತ್ತದೆ. ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಜೋಡಿಸುತ್ತಿದ್ದರೆ, ಚಕ್ರ ಮುಂದಕ್ಕೆ ಉರುಳುವಾಗ ಆ ಜಾಗ ಮೇಲಕ್ಕೆ ಚಲಿಸುವುದರಿಂದ, ಮುಚ್ಚಿದ ತುದಿ ಮೇಲ್ಮುಖವಾಗಿರಬೇಕು. ಹಳೆಯ ಲಾಕನ್ನು ಮತ್ತೆ ಬಳಸಬಾರದು.

ಡ್ಯೂಕ್‌ನಂಥ ಬೈಕುಗಳಲ್ಲಿ ಕಾರ್ಖಾನೆಯಿಂದ ಬರುವ ಚೈನಿಗೆ ಲಾಕ್ ಇರುವುದಿಲ್ಲ. ಹಳೆಯದನ್ನು ತೆಗೆಯಲು ಪಿನ್ನಿನ ಅರಳಿದ ತಲೆಯನ್ನು ಗ್ರೈಂಡರಿನಿಂದ ಸವೆಸಿ, ಚೈನ್ ಬ್ರೇಕರಿನಿಂದ ಪಿನ್ನನ್ನು ತಳ್ಳಬೇಕು. ತಲೆ ಸವೆಸದೆ ನೇರವಾಗಿ ತಳ್ಳಲು ಹೋದರೆ ಅಗ್ಗದ ಬ್ರೇಕರಿನ ಮೊನೆಯೇ ಮುರಿಯುತ್ತದೆ. ಹೊಸದನ್ನು ಸೇರಿಸುವಾಗ ನಾಲ್ಕು ಓ-ರಿಂಗುಗಳನ್ನು ಅವುಗಳ ಜಾಗದಲ್ಲಿಟ್ಟು, ಗ್ರೀಸ್ ಸವರಿ, ಹೊರಪಟ್ಟಿಯನ್ನು ಅಕ್ಕಪಕ್ಕದ ಪಟ್ಟಿಗಳಷ್ಟೇ ಅಗಲಕ್ಕೆ ಒತ್ತಿ, ಆಮೇಲೆ ಪಿನ್ನಿನ ತುದಿಯನ್ನು ಅರಳಿಸಬೇಕು. ಹೆಚ್ಚು ಒತ್ತಿದರೆ ರಬ್ಬರ್ ಜಜ್ಜಿ ಆ ಕೊಂಡಿ ಗಟ್ಟಿಯಾಗುತ್ತದೆ, ಕಡಿಮೆ ಅರಳಿಸಿದರೆ ಪಟ್ಟಿ ಜಾರುತ್ತದೆ. ಸರಿಯಾದ ರಿವೆಟ್ ಟೂಲೂ ಅಳೆಯಲು ವರ್ನಿಯರೂ ಬೇಕಾಗುವ ಈ ಕೆಲಸವನ್ನು ಸುತ್ತಿಗೆಯಿಂದ ಮುಗಿಸುವ ಗ್ಯಾರೇಜುಗಳೂ ಇವೆ, ಅಂಥಲ್ಲಿ ಹಣ ಕೊಡುವುದು ವ್ಯರ್ಥ. 200 ಸಿಸಿ ಮತ್ತು ಮೇಲಿನ ಬೈಕುಗಳಿಗೆ ಲಾಕ್ ಇರುವ ಸೆಟ್ಟುಗಳೂ ಮಾರುಕಟ್ಟೆಯಲ್ಲಿವೆ. ಜೋರಾಗಿ ಓಡಿಸುವ ಗಾಡಿಗೆ ಅನುಕೂಲವೆಂಬ ಒಂದೇ ಕಾರಣಕ್ಕೆ ಅವನ್ನು ಆರಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಓಟದಲ್ಲಿ ಕಳಚಿದ ಚೈನು ಎಂಜಿನ್ ಕೇಸನ್ನು ಒಡೆಯಬಲ್ಲದು, ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸಬಲ್ಲದು.

ಮನೆಯೋ, ಗ್ಯಾರೇಜೋ, ಸರ್ವಿಸ್ ಸೆಂಟರೋ?

ಸ್ಪ್ಲೆಂಡರ್, ಶೈನ್ ವರ್ಗದ ಬೈಕುಗಳಿಗೆ ಮನೆಯೇ ಸಾಕು. ಅವುಗಳಲ್ಲಿ ಮುಂದಿನ ಸ್ಪ್ರಾಕೆಟ್ಟನ್ನು ಒಂದು ತಗಡಿನ ಪಟ್ಟಿಯೂ 10ರ ಸ್ಪಾನರಿಗೆ ಸಿಗುವ ಎರಡು ಬೋಲ್ಟುಗಳೂ ಹಿಡಿದಿರುತ್ತವೆ. ಕವರ್ ತೆಗೆದಾಗ ಎಣ್ಣೆ, ಧೂಳು, ಕೆಸರು ಸೇರಿ ಡಾಂಬರಿನಂತಾದ ಮಡ್ಡಿಯಲ್ಲಿ ಆ ಬೋಲ್ಟುಗಳು ಕಾಣಿಸುವುದೇ ಇಲ್ಲ. ಸ್ಕ್ರೂಡ್ರೈವರಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದ ಮೇಲೆಯೇ ಸ್ಪಾನರ್ ಇಡಬೇಕು, ಇಲ್ಲದಿದ್ದರೆ ತಲೆ ಸವೆಯುತ್ತದೆ. ಬೋಲ್ಟು ತೆಗೆದು ಪಟ್ಟಿಯನ್ನು ಸ್ವಲ್ಪ ತಿರುಗಿಸಿದರೆ ಶಾಫ್ಟಿನ ಗೀರುಗಳಿಗೆ ಹೊಂದಿ ಅದು ಹೊರಬರುತ್ತದೆ. ಮೇನ್ ಸ್ಟ್ಯಾಂಡ್ ಇರುವುದರಿಂದ ಹಿಂದಿನ ಚಕ್ರ ಬಿಚ್ಚಲೂ ತೊಡಕಿಲ್ಲ. ಚೈನ್ ಕವರಿನ ಎರಡು ಹೋಳುಗಳನ್ನು ಬಿಚ್ಚುವುದಕ್ಕೇ ಉಳಿದ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ.

ಮುಂದಿನ ಸ್ಪ್ರಾಕೆಟ್ಟಿಗೆ ದೊಡ್ಡ ನಟ್ಟಿರುವ ಬೈಕುಗಳಲ್ಲಿ ಮೊದಲು ಲಾಕ್ ವಾಷರಿನ ಮಡಿಕೆಯನ್ನು ಉಳಿಯಿಂದ ಬಿಡಿಸಿ, ಹಳೆಯ ಚೈನು ಇನ್ನೂ ಮೇಲಿರುವಾಗಲೇ ಇನ್ನೊಬ್ಬರಿಂದ ಹಿಂದಿನ ಬ್ರೇಕ್ ಒತ್ತಿಸಿಕೊಂಡು ನಟ್ಟನ್ನು ಸಡಿಲಿಸಬೇಕು. ಚೈನು ತೆಗೆದ ಮೇಲೆ ಶಾಫ್ಟನ್ನು ಹಿಡಿದು ನಿಲ್ಲಿಸುವುದಕ್ಕೆ ಏನೂ ಇರುವುದಿಲ್ಲ. ಉದ್ದನೆಯ ಹಿಡಿಕೆ, ಸರಿಯಾದ ಸಾಕೆಟ್, ಟಾರ್ಕ್ ರೆಂಚ್ (ನಿಗದಿತ ಬಿಗಿತಕ್ಕೆ ತಿರುಗಿಸುವ ಸ್ಪಾನರ್) ಇದ್ದವರಿಗೆ ಇದೂ ಮನೆಗೆಲಸವೇ. ಇಲ್ಲದವರು ಸೆಟ್ಟನ್ನು ತಾವೇ ಕೊಂಡು, ನಂಬಿಕೆಯ ಮೆಕ್ಯಾನಿಕ್ಕಿನ ಬಳಿ ಕೂಲಿ ಕೊಟ್ಟು, ಎದುರಿಗೇ ನಿಂತು ಮಾಡಿಸಿಕೊಳ್ಳುವುದು ಮಧ್ಯದ ದಾರಿ. ನನ್ನ ಮಟ್ಟಿಗೆ ಬಹುಪಾಲು ಬೈಕುಗಳಿಗೆ ಇದೇ ಉತ್ತಮವಾದದ್ದು. ಸರ್ವಿಸ್ ಸೆಂಟರಿನಲ್ಲಿ ಕಂಪನಿಯ ಸೆಟ್ಟನ್ನೇ ಹಾಕಿಸಬೇಕಾಗುವುದರಿಂದ ಖರ್ಚು ಹೆಚ್ಚು, ಆದರೆ ರಿವೆಟ್ ಟೂಲ್ ಇರುವ ಭರವಸೆ ಅಲ್ಲಿಯೇ ಜಾಸ್ತಿ. ರಿವೆಟ್ ಚೈನಿನ ಬೈಕಿಗೆ ಊರಲ್ಲಿ ಬೇರೆ ದಾರಿ ಕಾಣದಿದ್ದರೆ ಅಲ್ಲಿಗೇ ಹೋಗಬೇಕು. ಹಳೆಯ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ಟಿನ ವಿಚಾರವಂತೂ ಪ್ರತ್ಯೇಕ: ಅದರ ಮುಂದಿನ ಸ್ಪ್ರಾಕೆಟ್ಟು ಕ್ಲಚ್ಚಿನ ಹಿಂದೆ ಅಡಗಿರುವುದರಿಂದ ಪ್ರೈಮರಿ ಕೇಸ್, ಕ್ಲಚ್ ಎರಡನ್ನೂ ಬಿಚ್ಚಬೇಕಾಗುತ್ತದೆ. ಬುಲೆಟ್ ಬಲ್ಲ ಮೆಕ್ಯಾನಿಕ್ಕಿಗೇ ಅದನ್ನು ಬಿಡುವುದು ಜಾಣತನ.

ಮನೆಯಲ್ಲಿ ಮಾಡುವುದರಿಂದ ಉಳಿಯುವ ಕೂಲಿ ದೊಡ್ಡದೇನಲ್ಲ. ಅವಸರದ ಗ್ಯಾರೇಜಿನಲ್ಲಿ ಬಿಟ್ಟುಹೋಗುವ ಪರೀಕ್ಷೆಗಳಿಗೆ ಮನೆಯಲ್ಲಿ ಸಮಯ ಸಿಗುತ್ತದೆಂಬುದೇ ಅದರ ಲಾಭ. ಚಕ್ರ ಹೊರಗಿರುವಾಗ ಚಕ್ರದ ನಡುಭಾಗವಾದ ಹಬ್ಬಿನೊಳಗಿನ ರಬ್ಬರುಗಳನ್ನು ನೋಡಬೇಕು. ಅವು ಸವೆದು ಸ್ಪ್ರಾಕೆಟ್ಟು ಹಿಂದೆ ಮುಂದೆ ಆಡುತ್ತಿದ್ದರೆ, ಹೊಸ ಸೆಟ್ ಹಾಕಿದ ಮೇಲೂ ಗೇರ್ ಬದಲಿಸುವಾಗಿನ ಜರ್ಕು ಹೋಗುವುದಿಲ್ಲ. ಬೇರಿಂಗನ್ನು ಬೆರಳಿನಿಂದ ತಿರುಗಿಸಿ, ಗೊರಗೊರ ಎಂದರೆ ಆಗಲೇ ಬದಲಿಸಬೇಕು. ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು.

ಗ್ಯಾರೇಜಿನಲ್ಲಾಗುವ ಸಾಮಾನ್ಯ ತಪ್ಪೆಂದರೆ ಚೈನನ್ನು ಅತಿ ಬಿಗಿ ಮಾಡುವುದು. ಸವಾರ ಕುಳಿತು ಹಿಂದಿನ ಶಾಕ್ ಕುಸಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ, ಆಗ ಗೇರ್ ಪೆಟ್ಟಿಗೆಯ ಬೇರಿಂಗಿಗೂ ಚಕ್ರದ ಬೇರಿಂಗಿಗೂ ಪೆಟ್ಟು. ಸಣ್ಣ ಬೈಕುಗಳಲ್ಲಿ ಕೆಳಗಿನ ಎಳೆಯ ನಡುವೆ ಸಾಮಾನ್ಯವಾಗಿ ಮೇಲೆ ಕೆಳಗೆ 20ರಿಂದ 30 ಮಿ.ಮೀ. ಆಟವಿರಬೇಕು. ನಿಖರವಾದ ಅಂಕಿ ಕೈಪಿಡಿಯಲ್ಲೋ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದ ತೋಳಿನ) ಮೇಲಿನ ಸ್ಟಿಕ್ಕರಿನಲ್ಲೋ ಇರುತ್ತದೆ, ಯಾವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಳೆಯಬೇಕೆಂಬುದನ್ನೂ ಅಲ್ಲೇ ಹೇಳಿರುತ್ತಾರೆ. ಚಕ್ರ ತಿರುಗಿಸುತ್ತ ಚೈನು ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಬೇಕು. ಎರಡೂ ಬದಿಯ ಅಡ್ಜಸ್ಟರುಗಳು ಒಂದೇ ಗುರುತಿಗೆ ಬಂದರೂ ಒಮ್ಮೆ ಹಿಂದೆ ಕುಳಿತು ಚೈನಿನ ಮೇಲೆ ಕಣ್ಣು ಹಾಯಿಸಿ, ಅದು ಸ್ಪ್ರಾಕೆಟ್ಟಿನ ನೇರಕ್ಕೇ ಹೊರಡುತ್ತದೆಯೇ ಎಂದು ನೋಡುವುದು ಉತ್ತಮ, ಏಕೆಂದರೆ ಆ ಗುರುತುಗಳು ಎಲ್ಲ ಬೈಕುಗಳಲ್ಲೂ ನಂಬಿಕೆಗೆ ಅರ್ಹವಾಗಿರುವುದಿಲ್ಲ. ಇಷ್ಟೆಲ್ಲವನ್ನೂ ಎಂಜಿನ್ ಬಂದ್ ಮಾಡಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಮಾಡಬೇಕು. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ಹೊಸ ಸೆಟ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಚೈನು ಸ್ವಲ್ಪ ಸಡಿಲಗೊಳ್ಳುವುದು ಸಹಜ. 300ರಿಂದ 500 ಕಿಲೋಮೀಟರ್ ಆದಾಗ ಆಟವನ್ನು ಮತ್ತೊಮ್ಮೆ ಅಳೆದು ಸರಿಪಡಿಸಿ, ಆಕ್ಸಲ್ ನಟ್ಟು ಬಿಗಿಯಾಗಿದೆಯೇ, ಲಾಕಿನ ಕ್ಲಿಪ್ಪು ಜಾಗದಲ್ಲಿದೆಯೇ ಎಂದು ನೋಡಿ, ಚೈನಿನ ಒಳಬದಿಗೆ ಎಣ್ಣೆ ಬಿಡಬೇಕು. ಹಳೆಯ ಚೈನಿನಿಂದ ಒಂದೆರಡು ಕೊಂಡಿ ತೆಗೆದು ಸೀಟಿನಡಿ ಇಟ್ಟುಕೊಳ್ಳುವವರಿದ್ದಾರೆ. ಅದರ ಬದಲು ಅದೇ ಸಂಖ್ಯೆಯ ಒಂದು ಹೊಸ ಚೈನ್ ಲಾಕನ್ನು ಕೊಂಡಿಟ್ಟುಕೊಂಡರೆ ದಾರಿಯಲ್ಲಿ ಉಪಯೋಗಕ್ಕೆ ಬರುತ್ತದೆ.